ಬಾಗಿಲದಾಗ ನಿಂತಾಕಿ

ಬ್ಯಾಡಗಿ ಪ್ಯಾಟಿ, ಸೋಮವಾರ. ಮೆಣಸಿನಕಾಯಿ ಘಾಟು
ಮಾಳಿಗಿ ಮ್ಯಾಲಿನ ಕೋಣಿಗೂ ಏರಿ ಬರತೈತಿ.
ಕೀಲಿಮಣಿ ಮ್ಯಾಲೆ ಸೀನತೀನಿ, ಮತ್ತ ಬರೀತೀನಿ.

ಕೆಳಗ ತೂಕದ ಯಂತ್ರ. ಅದರ ಒಳಮಾತು ಸಿ.
ಬರೆದ ಪುಣೇದ ಕಂಪನಿ ಮುಚ್ಚಿ ಹನ್ನೊಂದು ವರ್ಷ;
ಬಿಚ್ಚಿ ನೋಡಾಕ ಮೂಲ ಇಲ್ಲ, ಕೇಳಾಕ ಮಂದಿ ಇಲ್ಲ.
ನನ್ನ ಕೈಯಾಗಿರೂದು ಅದಲ್ಲ, ಅದರ ಬದಲಿ:
ಪೈಥಾನಿನ ಒಂದು ಪೊಳ್ಳು ವಸ್ತು,
ಹಿಂದ ಒಂದು ದಾರ, ದಾರದ ತುದಿಗೆ ಕಬ್ಬಿಣ.

‘ತೂಕ’ ಅಂತ ಕೇಳಿದ್ರ ಕಬ್ಬಿಣಕ್ಕ ತಿಳಿಯೂದಿಲ್ಲ.
ಅದಕ್ಕ ಗೊತ್ತಿದ್ದ ಹೆಸರು ಡಬ್ಲ್ಯೂ-ಝೀರೋ-ಸೆವೆನ್.
ಹಂಗಂತ ಬಾಗಿಲದಾಗ ಒಬ್ಬಾಕಿನ್ನ ನಿಲ್ಲಿಸೇನಿ.
ಯಾರು ಯಾವ ಗುಣ ಕೇಳಿದ್ರೂ ಮದಲ ಆಕಿನ್ನ ಕೇಳಬೇಕು.
ಆಕಿ ಒಳಗ ಹೋಗಿ, ಅಲ್ಲಿಯ ಹೆಸರಿಲೆ ಕೂಗಿ,
ಬಂದದ್ದನ್ನ ಕಿಲೋ ಮಾಡಿ ಹೊರಗ ಕೊಡತಾಳ.

ಮದಲ ದಿನ ತಪ್ಪಿದೆ. ಒಳಗ ಹೋದಾಕಿ
ಒಳಗಿಂದ ಮತ್ತ ಅದ ಬಾಗಿಲಾ ಬಡದಳು,
ತೆಗೆಯಾಕ ಮತ್ತ ಆಕಿನ ಬಂದಳು,
ಸಾವಿರ ಸಲ ಬಡದು ಬಡದು ಪ್ರೋಗ್ರಾಮು ಬಿದ್ದು ಸತ್ತಿತು.
ಬಾಗಿಲಾ ಕಾಯಾಕಿಗೂ ಒಂದು ಹಿತ್ತಲ ದಾರಿ ಬೇಕು.
ಕೊಟ್ಟೆ.

ನಮ್ಮ ಮನ್ಯಾಗ ಆ ಕೆಲಸದಾಕಿ ನಾನ ಇದ್ದೆ.
ಆಯಿ ಹಾಲವ್ವ ಗಂಡನ ಹೆಸರು ಹೇಳತಿದ್ದಿಲ್ಲ.
ಹೆಸರಿನ ಚೂರು ಇದ್ದ ಮಾತನ್ನೂ ಮುಟ್ಟತಿದ್ದಿಲ್ಲ:
ಗುಡ್ಡಕ್ಕ ‘ಎತ್ತರದ್ದು’ ಅಂತಿದ್ಲು,
ತನ್ನ ತವರು ಗುಡ್ಡದ ಮಲ್ಲಾಪುರಾನ
‘ಎತ್ತರದ ಮಲ್ಲಾಪುರ’ ಮಾಡಿ
ಬಸ್ಸಿನ ಕಂಡಕ್ಟರನ್ನ ದಣಿಸತಿದ್ಲು.
ಮದಿವಿ ಮನ್ಯಾಗ ಬಾಗಿಲಾ ಅಡ್ಡಗಟ್ಟಿ ಒಡಪು ಕೇಳಿದಾಗ ಅಷ್ಟ,
ಸಾಲು ಕಟ್ಟಿ, ಸಾಲಿನ ತುದಿಗೆ, ಸೆರಗು ಬಾಯಿಗೆ ಹಿಡದು, ಒಮ್ಮೆ.
ಉಳದ ಎಲ್ಲಾ ಕಚೇರಿಗೂ ನನ್ನ ಕರಕೊಂಡು ಹೋಗತಿದ್ಲು.
‘ಗಂಡನ ಹೆಸರು?’ ಅಂದ್ರ ನನ್ನ ಹೆಗಲಾ ತಟ್ಟತಿದ್ಲು.
ನಾ ಅಂತಿದ್ದೆ: ಗುಡ್ಡಪ್ಪ.

ಮೂರು ಗಂಟೆಕ್ಕ ಅಡತಿ ಅಂಗಡಿ ಕೊಟ್ರೇಶಿ ಮ್ಯಾಲ ಬಂದ,
ಚಹಾ ತಂದ, ಬಿಸ್ಕೀಟು ತಂದ.
‘ತಂಗೀ, ಯಂತ್ರ ಮುಟ್ಟೂದು ಬ್ಯಾಡ, ಸೀಲ್ ಒಡಿಯೂದು ಬ್ಯಾಡ.
ನಡುವ ನಿಂತಾಳಲ್ಲ ನಿನ್ನಾಕಿ,
ಆಕಿಗೆ ಹೇಳು, ಚೀಲಕ್ಕ ಒಂದು ಕಿಲೋ ಮರಿ ಅಂತ.
ಕಬ್ಬಿಣ ಬಾಯಿ ಬಿಡತೈತೇನು?’

ಬಿಡೂದಿಲ್ಲ. ನನಗ ಗೊತ್ತು.
ಎಂಟನೇ ವರ್ಷದಾಗ, ರೇಶನ್ ಕಾರ್ಡಿನ ಪಾಳೇದಾಗ,
ಯಾಕೋ ಏನೋ, ನಗಿ ಬಂದು ಅಂದಿದ್ದೆ: ಭೀಮಪ್ಪ.
ಗುಮಾಸ್ತ ಬರದ. ಆಯಿ ನನ್ನ ನೋಡಿದ್ಲು.
ಖರೇ ಹೆಸರು ನಾಲಿಗಿ ಬುಡಕ ಬಂದು ನಿಂತಿತ್ತು,
ಹೇಳಂಗಿಲ್ಲ. ‘ಅಲ್ಲ’ ಅಂದ್ಲು.
‘ಮತ್ತೇನು?’ ಅಂದ ಗುಮಾಸ್ತ.
‘ಅಲ್ಲ’ ಅಂದ್ಲು ಮತ್ತ.
ಹಿಂದಿನ ಮಂದಿ ನಕ್ಕರು. ಇದು ಚ್ಯಾಷ್ಟಿ ಅಲ್ಲ ಅಂತ
ಅಷ್ಟೊತ್ತಿಗೆ ನನಗ ತಿಳದಿತ್ತು; ಬಾಯಿ ಬರಲಿಲ್ಲ.
ಕಡೀಕ ಆಕಿ ಕೈ ಎತ್ತಿ
ಕಿಟಕಿ ಆಚೆಕ ತೋರಿಸಿದ್ಲು:
ಹೊಲ, ಕರೆಂಟಿನ ಕಂಬ, ಅದರ ಹಿಂದ
ನೀಲಿ ಎತ್ತರದ್ದು.

ಕೊಟ್ರೇಶಿ ತಂದ ಚಹಾ ಆರಿಹೋತು.
ಗುಣ ತಿದ್ದಾಕ ಬಂದವರಿಗೆ ಒಂದು ಸಾಲು ಬರದೆ:
ಇಲ್ಲಿ ತೂಕ ಓದೂದಷ್ಟ, ಬರಿಯೂದಿಲ್ಲ.
ಇನ್ನೊಂದು ಸಾಲು: ಯಂತ್ರ ಬಂದಾದ ಮ್ಯಾಲೆ ಯಾರರ ಕೇಳಿದ್ರ
ಹಳೇ ಅಂಕಿ ಕೊಡಬಾರದು, ‘ಇಲ್ಲ’ ಅನಬೇಕು.
ಕಬ್ಬಿಣಕ್ಕ ಕೈ ಇಲ್ಲ, ಎತ್ತಿ ತೋರಸಾಕ.

ಕೆಳಗ ಚೀಲ ಇಳೀತು. ಅಂಕಿ ತೂಗಾಡಿ ನಿಂತಿತು:
ನಲವತ್ತೆರಡು ಕಿಲೋ, ಆರನೂರು ಗ್ರಾಂ.
ಹಮಾಲ ದಾವಲಸಾಬ ಅದನ್ನ ಕೂಗಿ ಹೇಳಿದ.
ನಾ ಸೀನಿದೆ.